ಮೇವು ಹಾಕುವವಳನ್ನು ಕೇಳಿ

ಶಿರಗುಪ್ಪಿಯ ಕಸ್ತೂರೆವ್ವ ಮೊದಲ ಸಲ ಟೀವಿಯಲ್ಲಿ ಕಾಣಿಸಿಕೊಂಡಿದ್ದು ಒಟ್ಟು ನಾಲ್ಕು ಸೆಕೆಂಡು. ಅದರಲ್ಲೂ ಮುಖ ಕಾಣಲಿಲ್ಲ. ಚಹಾದ ತಾಟು ಕಂಡಿತು, ತಾಟು ಹಿಡಿದ ಹಸಿರು ಬಳೆಯ ಎರಡು ಕೈ ಕಂಡವು, ಅಷ್ಟೇ. ಉಳಿದ ನಲವತ್ತು ನಿಮಿಷವೂ ಅವಳ ಮಗ ದುಂಡೇಶ ಕಪ್ಪು ಕನ್ನಡಕ ಹಾಕಿಕೊಂಡು ಜೀಪಿನಲ್ಲಿ ಕಬ್ಬಿನ ಹೊಲಗಳನ್ನು ಸುತ್ತಿದ.

ಕಾರ್ಯಕ್ರಮದ ಹೆಸರು ‘ಬಕ್ಷೀಸ್ ಫ್ಯಾಮಿಲಿ’. ಕಳುವಾದ ದನ, ಪಂಪಿನ ಮೋಟರು, ಟ್ರ್ಯಾಕ್ಟರಿನ ಟ್ರೇಲರು ಹುಡುಕಿಕೊಟ್ಟು ಬಕ್ಷೀಸು ಪಡೆಯುವ ಗಡಿಭಾಗದ ಒಂದು ಮನೆತನದ ನಿಜಜೀವನ ಎಂದು ಜಾಹೀರಾತಿನಲ್ಲಿ ಹೇಳಿದ್ದರು. ನಿಜ ಎಷ್ಟಿತ್ತು ಅಂದರೆ, ಮೊದಲ ಕಂತಿನಲ್ಲಿ ದುಂಡೇಶ ಕಾಲುವೆ ಹಾರುವುದನ್ನು ಮೂರು ಸಲ ಚಿತ್ರೀಕರಿಸಿದರು. ಮೂರನೆಯ ಸಲ ಅವನ ಪ್ಯಾಂಟು ಹರಿಯಿತು, ಅದನ್ನೇ ಇಟ್ಟುಕೊಂಡರು. ಆ ಕಾಲುವೆಯಾಚೆ ಕಳ್ಳನೂ ಇರಲಿಲ್ಲ, ಮೋಟರೂ ಇರಲಿಲ್ಲ. ಮೋಟರು ಎರಡು ದಿನ ಮೊದಲೇ ಸಿಕ್ಕಿತ್ತು. ಕಸ್ತೂರೆವ್ವ ಚಿಕ್ಕೋಡಿಯ ವೆಲ್ಡಿಂಗ್ ಅಂಗಡಿಗಳ ಮುಂದೆ ಅರ್ಧ ದಿನ ಕೂತು, ಯಾವನು ಮೋಟರಿನ ಮೇಲಿನ ನಂಬರು ಅಳಿಸಿಕೊಡಿ ಎಂದು ಬಂದಿದ್ದ ಎಂಬುದನ್ನು ಕೇಳಿ ತಿಳಿದುಕೊಂಡಿದ್ದಳು. ಒಬ್ಬ ಹೆಂಗಸು ಅಂಗಡಿಯ ಮುಂದೆ ಕೂತಿರುವುದನ್ನು ಟೀವಿಯಲ್ಲಿ ಯಾರು ನೋಡುತ್ತಾರೆ?

ಈ ಮನೆತನದ ಕಸುಬು ಶುರುವಾದದ್ದೇ ಅವಳಿಂದ. ಇಪ್ಪತ್ತು ವರ್ಷದ ಹಿಂದೆ ಅವರದೇ ಎಮ್ಮೆ ಕಳುವಾದಾಗ ಗಂಡ ರಾವಸಾಹೇಬ ಆರು ಮಂದಿಯನ್ನು ಕಟ್ಟಿಕೊಂಡು ನಿಪ್ಪಾಣಿಯಿಂದ ಅಥಣಿಯ ತನಕ ಎಂಟು ದಿನ ತಿರುಗಿದ. ಎಮ್ಮೆ ಸಿಗಲಿಲ್ಲ. ಆರು ಮಂದಿಗೆ ದಾರಿಯುದ್ದಕ್ಕೂ ಒಳ್ಳೆಯ ಊಟ ಸಿಕ್ಕಿತು. ಒಂಬತ್ತನೆಯ ದಿನ ಕಸ್ತೂರೆವ್ವ ಬಸ್ಸು ಹತ್ತಿ ಊರೂರಿನ ಹಾಲಿನ ಡೇರಿಗೆ ಹೋದಳು. ಕೆಚ್ಚಲಿಗೆ ಬೆಚ್ಚನೆಯ ನೀರು ತಟ್ಟದ ಹೊರತು ಆ ಎಮ್ಮೆ ಹಾಲಿಳಿಸುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹಿಂಡುವವಳು ಅವಳೇ ಅಲ್ಲವೆ? ಹೊಸ ಎಮ್ಮೆ ಹಾಲು ಕೊಡುತ್ತಿಲ್ಲ ಎಂದು ಯಾರಾದರೂ ಗೊಣಗಿದ್ದಾರೆಯೇ ಎಂದು ಕೇಳುತ್ತ ಹೋದಳು. ನಾಲ್ಕನೆಯ ಡೇರಿಯಲ್ಲಿ ಹೆಸರು ಸಿಕ್ಕಿತು, ಮರುದಿನ ಎಮ್ಮೆ ಮನೆಗೆ ಬಂತು.

ಅಂದಿನಿಂದ ಸುತ್ತಲ ಐದು ತಾಲೂಕಿನ ಜನ ಕಳುವಾದದ್ದನ್ನು ಹುಡುಕಲು ಈ ಮನೆಗೆ ಬರತೊಡಗಿದರು. ಮಗ ದೊಡ್ಡವನಾಗಿ ಜೀಪು ಓಡಿಸುವಂತಾದ. ಸೊಸೆ ದೀಪಾಲಿ ಫೋನು, ಫೋಟೋ, ವಾಟ್ಸಾಪು ನೋಡಿಕೊಂಡಳು. ಹುಡುಕುವವಳು ಮಾತ್ರ ಕಸ್ತೂರೆವ್ವ. ಆದರೆ ಹುಡುಕಿದ್ದನ್ನು ತಂದು ಮನೆಯ ಮುಂದೆ ನಿಲ್ಲಿಸುವವನು ದುಂಡೇಶ. ಜನರಿಗೆ ಕಾಣುವುದು ತಂದು ನಿಲ್ಲಿಸುವವನೇ. ಫೋನು ಬಂದರೂ ದುಂಡೇಶಣ್ಣ ಇದ್ದಾನೇನು ಎಂದೇ ಕೇಳುತ್ತಿದ್ದರು. ಅವಳಿಗೆ ಅದು ಎಂದೂ ಚುಚ್ಚಿರಲಿಲ್ಲ. ಟೀವಿಯಲ್ಲಿ ಆ ಚಹಾದ ತಾಟು ನೋಡಿದ ಮೇಲೆ ಚುಚ್ಚಿತು, ಮತ್ತು ಚುಚ್ಚಿತು ಎಂದು ಯಾರ ಮುಂದೂ ಹೇಳಿಕೊಳ್ಳಲು ನಾಚಿಕೆಯಾಯಿತು.

ಇಂಥ ಹೊತ್ತಿನಲ್ಲಿಯೇ ಮೋತ್ಯಾ ಕಳುವಾದ.

ಮೋತ್ಯಾ ಅಂದರೆ ಪಕ್ಕದ ಊರಿನ ತವನಪ್ಪನ ಮನೆಯ ಎತ್ತು, ಹಾಲಿನಂಥ ಬಿಳಿಯ ಖಿಲಾರಿ ತಳಿಯದು. ತವನಪ್ಪನದು ಹಳೆಯ ಜೈನ ಒಕ್ಕಲು ಮನೆ. ಟ್ರ್ಯಾಕ್ಟರು ಬಂದ ಮೇಲೆ ಎತ್ತಿನ ಕೆಲಸವೇನೂ ಉಳಿದಿರಲಿಲ್ಲ, ಆದರೂ ಅವನ ಹೆಂಡತಿ ಕಮಲಾಬಾಯಿ ಮೋತ್ಯಾನನ್ನು ಮಾರಗೊಟ್ಟಿರಲಿಲ್ಲ. ತಾಯಿ ಸತ್ತ ಕರುವನ್ನು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವಳು ಅವಳು. ಶರ್ಯತ್ತಿನ ಪಂದ್ಯದಲ್ಲಿ ಎತ್ತು ಓಡಿಸುವವರು ಎಷ್ಟೋ ಸಲ ಕೇಳಿಕೊಂಡು ಬಂದಿದ್ದರು, ಚಾಟಿ ಏಟು ತಿನ್ನಲು ಕೊಡುವುದಿಲ್ಲ ಎಂದು ಕಳಿಸಿದ್ದಳು. ದೀಪಾವಳಿ ಕಳೆದ ವಾರ, ಮನೆಯವರೆಲ್ಲ ಬಸದಿಗೆ ಹೋದಾಗ ಎತ್ತು ಗೋದಲಿಯಿಂದ ಮಾಯವಾಯಿತು.

ಮರುದಿನ ಕಮಲಾಬಾಯಿ ಬಸದಿಯಲ್ಲಿ ನೇಮ ಹಿಡಿದಳು. ಮೋತ್ಯಾ ಮನೆಯವರ ಕೈಗೆ ಸಿಗುವ ತನಕ ತುಪ್ಪ ಇಲ್ಲ, ಬೆಲ್ಲ ಇಲ್ಲ, ಉಪ್ಪು ಇಲ್ಲ, ದಿನಕ್ಕೆ ಒಂದೇ ಊಟ. ಅವಳಿಗಾಗಲೇ ಎಪ್ಪತ್ತು ವರ್ಷ. ಕಸ್ತೂರೆವ್ವ ಹೋಗಿ ಅವಳ ಕೈ ಹಿಡಿದು, ಎತ್ತು ತಂದುಕೊಡುತ್ತೇನೆ ಎಂದು ಮಾತು ಕೊಟ್ಟಳು.

ಕೊಟ್ಟ ಮಾತು ಕ್ಯಾಮೆರಾದವರ ಕೈಗೆ ಸಿಕ್ಕಿತು. ಪುಣೆಯಿಂದ ಬಂದ ನಿರ್ದೇಶಕಿ ಮನಿಷಾ ಕೆಟ್ಟವಳಲ್ಲ, ದಿನಕ್ಕೆ ಹತ್ತು ಸಲ ಮರಾಠಿಯಲ್ಲಿ ಕಸ್ತೂರೆವ್ವನನ್ನು ‘ಮಾವಶಿ’, ಅಂದರೆ ಚಿಕ್ಕಮ್ಮ, ಎಂದು ಬಾಯಿ ತುಂಬ ಕರೆಯುತ್ತಿದ್ದಳು. ಆದರೆ ಅವಳಿಗೆ ಬೇಕಾದದ್ದು ಓಟ, ದೂಳು, ಕತ್ತಲೆಯಲ್ಲಿ ಜೀಪಿನ ದೀಪ. ಹಾಗಾಗಿ ದುಂಡೇಶ ದಿನಾ ರಾತ್ರಿ ದಂಡು ಕಟ್ಟಿಕೊಂಡು ಹೊಳೆಯ ದಂಡೆ ಸುತ್ತಿದ, ಹಗಲು ಮಲಗಿದ. ಕಸ್ತೂರೆವ್ವ ಮೂವತ್ತು ಮಂದಿಗೆ ರೊಟ್ಟಿ ಬಡಿದಳು. ತಪ್ಪು ಅವಳದೂ ಇತ್ತು. ಇಷ್ಟು ದೊಡ್ಡ ದಂಡು ಹುಡುಕುತ್ತಿರುವಾಗ ತಾನೇನು ಮಾಡುವುದು ಎಂದು ಸುಮ್ಮನಾಗಿಬಿಟ್ಟಳು. ತನ್ನ ವಿದ್ಯೆಯನ್ನು ತಾನೇ ನಾಲ್ಕು ಸೆಕೆಂಡಿನದು ಎಂದು ನಂಬಿಬಿಟ್ಟಳು.

ಐದು ವಾರ ಹಾಗೇ ಹೋಯಿತು. ಒಂದು ಬೆಳಿಗ್ಗೆ ಕಮಲಾಬಾಯಿ ಬಚ್ಚಲುಮನೆಯಲ್ಲಿ ತಲೆ ತಿರುಗಿ ಬಿದ್ದಳು. ಉಪ್ಪು ತಿನ್ನದಿದ್ದರೆ ಜೀವಕ್ಕೇ ಬರುತ್ತದೆ ಎಂದರು ಡಾಕ್ಟರು. ನೇಮ ಬಿಡುವುದಿಲ್ಲ ಎಂದಳು ಅವಳು. ತವನಪ್ಪ ಅಂಗಳದಲ್ಲಿ ನಿಂತು ಅತ್ತ.

ಅದೇ ಸಂಜೆ ಮನಿಷಾ ಒಂದು ಉಪಾಯ ತಂದಳು. ಕೊನೆಯ ಕಂತಿಗೆ ದಿನ ಹತ್ತಿರ ಬಂದಿದೆ, ಚಾನಲ್ಲಿನವರು ಒತ್ತಾಯ ಮಾಡುತ್ತಿದ್ದಾರೆ, ರಾಯಬಾಗದ ಕಡೆ ಇಂಥದೇ ಒಂದು ಬಿಳಿಯ ಖಿಲಾರಿ ನೋಡಿಟ್ಟಿದ್ದೇವೆ. ರಾತ್ರಿ ದೀಪ ಹಾಕಿ ತಂದು ಕಮಲಾಬಾಯಿಯ ಮುಂದೆ ನಿಲ್ಲಿಸೋಣ, ಅಜ್ಜಿಗೆ ಕಣ್ಣು ಮಂಜು, ಊಟ ಮಾಡಿದರೆ ಅವಳ ಜೀವವೂ ಉಳಿಯುತ್ತದೆ ಎಂದಳು. ಎಲ್ಲರೂ ದುಂಡೇಶನ ಮುಖ ನೋಡಿದರು. ಅವನು ಬೇಡ ಎನ್ನಲಿಲ್ಲ.

ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ಕಸ್ತೂರೆವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

“ಬಾಯೀರ, ಆಕಿ ದೇವರ ಮುಂದ ನೇಮ ಹಿಡದಾಳ. ಸುಳ್ಳ ಎತ್ತ ತೋರಿಸಿ ಆ ನೇಮ ಮುರಿಸಿದ ಪಾಪ ನಮ್ಮ ಮನಿಗಿ ಬ್ಯಾಡ. ನನಗ ಎಂಟ ದಿನ ಕೊಡ್ರಿ,” ಎಂದಳು. ಆಮೇಲೆ ಮಗನ ಕಡೆ ತಿರುಗಿದಳು. “ನೀ ಮೊದಲ ಆ ಕನ್ನಡಕ ತಗೀಲೇ. ಹಾಡಹಗಲ ನಿನಗ ಏನೂ ಕಾಣದಂಗ ಆಗೇತಿ.”

ದುಂಡೇಶ ಕನ್ನಡಕ ತೆಗೆದು ಕಿಸೆಗೆ ಹಾಕಿಕೊಂಡ. ಎಷ್ಟು ದೊಡ್ಡವನಾದರೂ ಅವ್ವನ ಆ ದನಿಗೆ ಅವನು ಹೆದರುತ್ತಿದ್ದ. ಮನಿಷಾ ಎಂಟು ದಿನಕ್ಕೆ ಒಪ್ಪಿದಳು, ಕ್ಯಾಮೆರಾವನ್ನು ಕಸ್ತೂರೆವ್ವನ ಬೆನ್ನಿಗೆ ಹಚ್ಚಿದಳು.

ಮರುದಿನ ಕಸ್ತೂರೆವ್ವ ಕಮಲಾಬಾಯಿಯ ಹಾಸಿಗೆಯ ಪಕ್ಕ ಕೂತು, ಐದು ವಾರದ ಹಿಂದೆಯೇ ಕೇಳಬೇಕಾಗಿದ್ದನ್ನು ಕೇಳಿದಳು. ಮೋತ್ಯಾ ಏನು ತಿನ್ನುತ್ತಾನೆ, ಎಷ್ಟೊತ್ತಿಗೆ, ಯಾರ ಕೈಯಿಂದ? ಐದು ವಾರದಲ್ಲಿ ಜೀಪು, ಕ್ಯಾಮೆರಾ, ಅಷ್ಟು ಮಂದಿ ಬಂದು ಹೋಗಿದ್ದರು, ಒಬ್ಬರೂ ಇದನ್ನು ಕೇಳಿರಲಿಲ್ಲ. ಕಮಲಾಬಾಯಿ ನಿಧಾನವಾಗಿ ಹೇಳಿದಳು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಊಟ ಮಾಡುವುದಿಲ್ಲ. ಮನೆಯವರು ಉಣ್ಣುವ ಮುಂಚೆ, ಸರಿಯಾಗಿ ಐದು ಗಂಟೆಗೆ, ಮೋತ್ಯಾನಿಗೆ ತಗಡಿನ ಬಕೆಟ್ಟಿನಲ್ಲಿ ಹಿಂಡಿ. ಕರುವಿದ್ದಾಗಿನಿಂದ ಹತ್ತು ವರ್ಷ ಒಂದು ದಿನವೂ ತಪ್ಪಿಲ್ಲ.

“ಕತ್ತಲಾತಂದ್ರ ಅಂವಾ ಮೇವಿಗಿ ಬಾಯಿ ಹಚ್ಚಂಗಿಲ್ಲ, ತಂಗಿ,” ಎಂದಳು ಕಮಲಾಬಾಯಿ. “ಐದು ದಾಟಿದ್ರ ಊರ ಕೇಳೂವಂಗ ಒದರತಾನ.”

ಕಸ್ತೂರೆವ್ವನಿಗೆ ಒಮ್ಮೆಲೇ ಮೈಯಲ್ಲಿ ಶಕ್ತಿ ಬಂದಂತಾಯಿತು. ಕಳ್ಳರು ಕೊಂಬು ಹೆರೆಯಬಹುದು, ಮೈಗೆ ಬಣ್ಣ ಬಳಿಯಬಹುದು, ಮೂಗುದಾರ ಬದಲಿಸಬಹುದು. ಎತ್ತಿನ ಹಸಿವಿನ ಹೊತ್ತನ್ನು ಯಾರು ಬದಲಿಸುತ್ತಾರೆ? ಉಳಿದ ಒಕ್ಕಲು ಮನೆಗಳಲ್ಲಿ ದನಕ್ಕೆ ರಾತ್ರಿ ಎಂಟಕ್ಕೆ ಮೇವು. ಹಾಗಿದ್ದರೆ ಮೋತ್ಯಾ ಎಲ್ಲೇ ಇರಲಿ, ಸಂಜೆ ಒದರುತ್ತಾನೆ, ರಾತ್ರಿ ಉಪವಾಸ ಬೀಳುತ್ತಾನೆ. ಕಟ್ಟಿಕೊಂಡವನು ಅದನ್ನು ರೋಗ ಎಂದುಕೊಂಡು ದನದ ಡಾಕ್ಟರಿಗೆ ಹೇಳಿಯೇ ಹೇಳಿರುತ್ತಾನೆ. ದುಂಡೇಶನ ದಂಡು ರಾತ್ರಿಯೆಲ್ಲ ತಿರುಗಿದ್ದು ಎತ್ತು ಬಾಯಿ ಮುಚ್ಚಿಕೊಂಡಿರುವ ಹೊತ್ತಿನಲ್ಲಿ.

ದೀಪಾಲಿ ಐದೂ ತಾಲೂಕಿನ ದನದ ಕಂಪೌಂಡರುಗಳ ನಂಬರು ಕೂಡಿಸಿದಳು. ಅತ್ತೆ ಸೊಸೆ ಕೂತು ಒಬ್ಬೊಬ್ಬರಿಗೇ ಫೋನು ಮಾಡಿದರು. ರಾತ್ರಿ ಮೇವು ಬಿಡುವ, ಸಂಜೆ ಒದರುವ ಹೊಸ ಎತ್ತಿಗೆ ಯಾರಾದರೂ ಸೂಜಿ ಹಾಕಿದ್ದೀರಾ? ಮೂರನೆಯ ದಿನ ಅಥಣಿ ಕಡೆಯ ಒಬ್ಬ ಕಂಪೌಂಡರು ನಕ್ಕ. ಹೊಳೆಯಾಚೆ ಜಕ್ಕಪ್ಪ ಎಂಬ ಶರ್ಯತ್ತಿನ ಹುಚ್ಚಿನವನ ತೋಟದಲ್ಲಿ ಅಂಥದೊಂದು ಎತ್ತು ಇದೆ, ನಾಲ್ಕು ಸಲ ಸೂಜಿ ಹಾಕಿದೆ, ಜ್ವರವಿಲ್ಲ, ಹೊಟ್ಟೆಯುಬ್ಬರವಿಲ್ಲ, ಅದಕ್ಕೆ ಹಟ ಎನ್ನುವ ರೋಗ ಎಂದ.

ಅಂದು ಮಧ್ಯಾಹ್ನ ಜೀಪು ಹೊರಟಿತು. ಕಸ್ತೂರೆವ್ವ ಕಮಲಾಬಾಯಿಯನ್ನೂ, ಹಿಂಡಿ ತುಂಬಿದ ಅವಳ ತಗಡಿನ ಬಕೆಟ್ಟನ್ನೂ ಜೀಪಿಗೆ ಹತ್ತಿಸಿಕೊಂಡಳು. ತನ್ನ ಮಡಿಲಲ್ಲಿ ಒಂದು ಸ್ಟೀಲಿನ ಡಬ್ಬಿ ಇಟ್ಟುಕೊಂಡಳು. ಮನಿಷಾಗೆ ಮೂರು ಷರತ್ತು ಹಾಕಿದಳು: ಓಡಬಾರದು, ದೀಪ ಹಚ್ಚಬಾರದು, ಮಾತಾಡಬಾರದು. ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಬಿದ್ದು, ಕುಡಚಿಯ ಸೇತುವೆ ದಾಟಿ ಮುಟ್ಟುವಷ್ಟರಲ್ಲಿ ನಾಲ್ಕೂ ಮುಕ್ಕಾಲು.

ಜಕ್ಕಪ್ಪನ ತೋಟದ ಮುಂದೆ ಮೂರು ಎತ್ತು ಕಟ್ಟಿದ್ದವು. ಮೂರೂ ಖಿಲಾರಿಯೇ, ಒಂದೂ ಅಚ್ಚ ಬಿಳಿ ಇರಲಿಲ್ಲ. ಕಮಲಾಬಾಯಿ ದೂರದಿಂದಲೇ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು, ಗುರುತು ಹತ್ತಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಕಸ್ತೂರೆವ್ವ ಅವಳ ತೋಳು ಹಿಡಿದು ಕಬ್ಬಿನ ಬದುವಿನ ಮೇಲೆ ಕೂರಿಸಿದಳು. ಅವಳಿಗೂ ಒಳಗೆ ಭಯವಿತ್ತು. ಇಲ್ಲೂ ಇಲ್ಲದಿದ್ದರೆ ಈ ಮುದುಕಿಗೆ ಯಾವ ಮುಖ ತೋರಿಸಲಿ ಎಂದುಕೊಂಡಳು.

ಐದು ಗಂಟೆಗೆ ಒಂದೆರಡು ನಿಮಿಷ ದಾಟಿರಬೇಕು. ನಡುವಿನ ಎತ್ತು ತಲೆ ಎತ್ತಿತು. ಹೆಗಲ ಮೇಲೆ ದೊಡ್ಡ ಕಂದು ಮಚ್ಚೆ, ಹೆರೆದ ಕೊಂಬು, ಎದ್ದು ಕಾಣುವ ಪಕ್ಕೆಲುಬು. ಮುಳುಗುವ ಹೊತ್ತಿನ ಕಡೆ ಮುಖ ಮಾಡಿ ಅದು ಒದರಿತು. ಮತ್ತೆ ಒದರಿತು.

ಕಮಲಾಬಾಯಿ ಬಕೆಟ್ಟಿನ ಹಿಡಿಕೆಯನ್ನು ಎರಡು ಸಲ ಬಾರಿಸಿದಳು.

ಎತ್ತು ಗೂಟವನ್ನೇ ಕಿತ್ತುಕೊಂಡು ಬಂತು. ದುಂಡೇಶ ಹಿಡಿಯಲು ಹೋದವನು ಪಕ್ಕಕ್ಕೆ ಹಾರಿದ, ಈ ಸಲ ಯಾರೂ ಹೇಳಿಕೊಡದೆ. ಅದು ಮುದುಕಿಯ ಮುಂದೆ ಬಂದು ನಿಂತು, ಬಕೆಟ್ಟಿನೊಳಗೆ ಮೂತಿ ಇಟ್ಟು ಹಿಂಡಿ ತಿನ್ನತೊಡಗಿತು. ಕಮಲಾಬಾಯಿ ಕಣ್ಣೊರೆಸಿ ಒದ್ದೆಯಾಗಿದ್ದ ಸೆರಗಿನಿಂದ ಅದರ ಹೆಗಲನ್ನು ತಿಕ್ಕಿದಳು. ಕಂದು ಬಣ್ಣ ಸೆರಗಿಗೆ ಹತ್ತಿತು, ಕೆಳಗೆ ಬಿಳಿಯ ಕೂದಲು ಕಂಡಿತು.

ಜಕ್ಕಪ್ಪ ಕೂಗಾಡುತ್ತ ಓಡಿ ಬಂದವನು ಇದನ್ನು ನೋಡಿ ನಿಂತುಬಿಟ್ಟ. ದಲಾಲನೊಬ್ಬ ಸುಳ್ಳು ಚೀಟಿ ಕೊಟ್ಟು ಅವನಿಗೆ ಟೋಪಿ ಹಾಕಿದ್ದ. ಆ ದಲಾಲನನ್ನು ವಾರದೊಳಗೆ ಪೊಲೀಸರು ಹಿಡಿದರು.

“ಒಂದ ತಿಂಗಳಾತು, ನನ್ನ ಕೈಯಾಗಿನ ಮೇವು ತಿಂದಿಲ್ಲ ಇದು,” ಎಂದ ಜಕ್ಕಪ್ಪ. “ಒಯ್ರಿ ಯವ್ವಾ. ಇದು ನಿಮ್ಮದ ಐತಿ.”

ಕಸ್ತೂರೆವ್ವ ಪಡುವಣದ ಕಡೆ ನೋಡಿದಳು. ಕಬ್ಬಿನ ಸೂಲಂಗಿ ಹೂಗಳ ಮೇಲೆ ಹೊತ್ತು ಇನ್ನೂ ಒಂದು ಮಾರು ಇತ್ತು. ಮಡಿಲಿನ ಡಬ್ಬಿ ತೆಗೆದಳು. ಜೋಳದ ರೊಟ್ಟಿ, ಒಂದು ಅಚ್ಚು ಬೆಲ್ಲ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ. ಆ ಮೂರೂ ದಿನ ಅವಳು ಬೆಳಿಗ್ಗೆ ಎದ್ದು, ಬೇಕಾದೀತು ಎಂದು ಕಟ್ಟಿಟ್ಟುಕೊಂಡ ಬುತ್ತಿ ಅದು.

“ಅಕ್ಕಾ, ಇನ್ನ ಹೊತ್ತೈತಿ,” ಎಂದಳು. “ಚಟ್ನಿಗಿ ಉಪ್ಪ ಹಾಕೀನಿ. ತಿನ್ನು.”

ಎತ್ತು ಒಂದು ಕಡೆ, ಅದನ್ನು ಸಾಕಿದವಳು ಒಂದು ಕಡೆ, ಇಬ್ಬರೂ ಹೊತ್ತು ಮುಳುಗುವ ಮುಂಚೆ ಉಂಡರು. ಮನಿಷಾ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ಕ್ಯಾಮೆರಾ ಮಾತ್ರ ತನ್ನ ಪಾಡಿಗೆ ಓಡುತ್ತಿತ್ತು. ತಿರುಗಿ ಹೊರಟಾಗ ದುಂಡೇಶ ಜೀಪಿನ ಮುಂದಿನ ಬಾಗಿಲು ತೆಗೆದು, ಅವ್ವ ಹತ್ತುವ ತನಕ ಹಿಡಿದುಕೊಂಡು ನಿಂತ.

ಕೊನೆಯ ಕಂತನ್ನು ಶಿರಗುಪ್ಪಿಯವರು ಕಸ್ತೂರೆವ್ವನ ಮನೆಯಲ್ಲೇ ಕೂತು ನೋಡಿದರು. ಓಟವಿರಲಿಲ್ಲ, ದೂಳಿರಲಿಲ್ಲ, ಕತ್ತಲೆಯಲ್ಲಿ ಜೀಪಿನ ದೀಪವೂ ಇರಲಿಲ್ಲ. ನಲವತ್ತು ನಿಮಿಷ ಅವಳೇ ಇದ್ದಳು. ಹಾಸಿಗೆಯ ಪಕ್ಕ ಕೂತವಳು, ಫೋನು ಹಿಡಿದವಳು, ಬದುವಿನ ಮೇಲೆ ಕಿವಿಗೊಟ್ಟು ಕಾದವಳು. ಎತ್ತು ಗೂಟ ಕಿತ್ತಾಗ ಇಡೀ ಮನೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ರಾವಸಾಹೇಬ ಎಲ್ಲರಿಗೂ ತನ್ನ ಕೈಯಾರೆ ಚಹಾ ಮಾಡಿ, ತಾಟು ಹಿಡಿದು ಹಂಚಿದ. ಕಸ್ತೂರೆವ್ವ ಒಂದು ಕಪ್ಪು ತೆಗೆದುಕೊಂಡು, ಸಕ್ಕರೆ ಕಡಿಮೆ ಆಯಿತು ಎಂದಳು. ಅವಳಿಗೆ ಅಂದು ಆದಷ್ಟು ಸಂತೋಷ ಯಾವ ಬಕ್ಷೀಸಿನಿಂದಲೂ ಆಗಿರಲಿಲ್ಲ.

ಮರುದಿನ ಬೆಳಿಗ್ಗೆ ಫೋನು ಬಂತು, ನಿಪ್ಪಾಣಿ ಕಡೆಯಿಂದ, ಯಾರದೋ ಹೋರಿ ಕಳುವಾಗಿತ್ತು. ದುಂಡೇಶ ಹಲೋ ಎಂದವನು ಸುಮ್ಮನೆ ಕೇಳಿಸಿಕೊಂಡ, ನಕ್ಕ, ಫೋನನ್ನು ಒಲೆಯ ಮುಂದಿದ್ದ ತಾಯಿಗೆ ಕೊಟ್ಟ.

“ಅವ್ವಾ, ನಿನ್ನನ್ನ ಕೇಳಾಕತ್ತಾರ.”

ಕಸ್ತೂರೆವ್ವ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡಳು. ಆ ಕಡೆಯವನು ಹೋರಿಯ ಬಣ್ಣ, ಎತ್ತರ, ತಳಿ ಎಲ್ಲ ಒಂದೇ ಉಸಿರಿನಲ್ಲಿ ಹೇಳುವುದನ್ನು ಕೇಳಿದಳು.

“ಅದೆಲ್ಲಾ ಇರಲ್ರಿ,” ಎಂದಳು. “ಅದಕ್ಕ ದಿನಾ ಮೇವು ಹಾಕಾಕಿ ಯಾರು? ಆಕಿ ಕೈಯಾಗ ಫೋನ್ ಕೊಡ್ರಿ.”