ಸೊಟ್ಟ ಮುಖ, ನೇರ ಬೇಲಿ

ನಮ್ಮ ಅತ್ತೆಗೆ ಐವತ್ತೆಂಟು. ಊರಂಚಿನ ದೊಡ್ಡ ಉದ್ಯಾನದಲ್ಲಿ ಮೂವತ್ತೊಂದು ವರ್ಷದಿಂದ ಗಿಡಬೇಲಿ ಕತ್ತರಿಸುತ್ತಿದ್ದಾರೆ. ಉಳಿದವರೆಲ್ಲ ಯಂತ್ರ ಹಿಡಿದರೂ ಅವರು ಕೈಕತ್ತರಿ ಬಿಟ್ಟಿಲ್ಲ. "ಯಂತ್ರ ಎಲೆ ಹರಿಯುತ್ತೆ, ನಾನು ಕತ್ತರಿಸ್ತೀನಿ. ಹರಿದ ತುದಿ ನಾಳೆಗೇ ಕೆಂಪಗಾಗುತ್ತೆ, ಹೋಗಿ ನೋಡು" ಅನ್ನುತ್ತಾರೆ. ನೋಡಿದ್ದೇನೆ, ಆಗುತ್ತದೆ.

ಆ ಉದ್ಯಾನದ ಹುಲ್ಲಿನಲ್ಲಿ ಜಿಂಕೆ ಓಡಾಡುತ್ತವೆ, ಜಿಂಕೆಯ ಹಿಂದೆ ರಕ್ತ ಹೀರುವ ಉಣುಗು, ಅದೇ ಉಣ್ಣೆ. ಸಂಜೆ ಕೆಲಸ ಮುಗಿದ ಮೇಲೆ ಸಲಕರಣೆ ಕೋಣೆಯಲ್ಲಿ ಹೆಂಗಸರು ಒಬ್ಬರ ಮೈಯನ್ನು ಇನ್ನೊಬ್ಬರು ತಡಕುತ್ತಾರೆ. ಸಿಕ್ಕ ಉಣುಗನ್ನು ಚಿಮುಟದಲ್ಲಿ ಕಿತ್ತು, ಟೇಪಿನಲ್ಲಿ ಗೋಡೆಯ ಕ್ಯಾಲೆಂಡರಿಗೆ, ಆ ದಿನದ ಚೌಕದಲ್ಲಿ ಅಂಟಿಸಿ ಕಚ್ಚಿಸಿಕೊಂಡವರ ಗುರುತು ಹಾಕುತ್ತಾರೆ. ಮುಂದೆ ಜ್ವರ ಬಂದರೆ ಡಾಕ್ಟರಿಗೆ ತಾರೀಖು ಹೇಳಲು. ಎಷ್ಟು ಜಾಣತನ! ಆದರೆ ಚೌಕದಲ್ಲಿ ಜಾಗ ಸಿಗುತ್ತಿದ್ದದ್ದು ರಕ್ತ ಕುಡಿದು ಉಬ್ಬಿದವಕ್ಕೆ ಮಾತ್ರ. ಗಸಗಸೆಯಷ್ಟಿದ್ದವನ್ನು "ಇದಿನ್ನೂ ಕೂಸು, ಹಲ್ಲೇ ಬಂದಿಲ್ಲ" ಎಂದು ಉಜ್ಜಿ ಎಸೆಯುತ್ತಿದ್ದರು.

ಒಂದು ದಿನ ಅತ್ತೆಯ ಮೊಣಕಾಲಿನ ಹಿಂದೆ ಕೆಂಪು ಉಂಗುರ ಕಂಡಿತು. ನಾನು ಓದಿದವಳು, ಮೇಲಾಗಿ ಮೂರು ವರ್ಷದ ಮಗಳ ತಾಯಿ. ಫೋನಿನಲ್ಲಿ ಹುಡುಕಿ, ಹುಳುಕಡ್ಡಿ ಎಂದು ತೀರ್ಪು ಕೊಟ್ಟು ಮುಲಾಮು ತಂದೆ.

"ತುರಿಕೇನೇ ಇಲ್ಲ ಕಣೇ. ತುರಿಸದ ಹುಳುಕಡ್ಡಿ ಯಾವ ಸೀಮೇದು?" ಅಂದರು ಅತ್ತೆ.

ಕೇಳುವವರು ಯಾರು? ಅವರ ಟವೆಲ್ ಬೇರೆ ಮಾಡಿದೆ, ಸೋಪು ಬೇರೆ ಮಾಡಿದೆ. ಮಗಳು "ಅಜ್ಜಿ" ಎಂದು ಓಡಿದರೆ ನಡುದಾರಿಯಲ್ಲೇ ಎತ್ತಿಕೊಂಡು ಬರುತ್ತಿದ್ದೆ. "ನಾನೇನು ಮನೆಗೆ ನುಗ್ಗಿದ ಇಲೀನಾ?" ಎಂದು ಒಮ್ಮೆ ಕೇಳಿದರು. ನಾನು ಮುಲಾಮು ಬಳಿದೆ. ಎರಡು ದಿನಕ್ಕೊಮ್ಮೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದೆ. ನನಗೆ ಎಲ್ಲದಕ್ಕೂ ಫೋಟೋ ಬೇಕು. ಮಗಳ ಮಲದ್ದೂ ಇದೆ. ಮೂರು ವಾರಕ್ಕೆ ಉಂಗುರ ಮಾಯವಾಯಿತು. ನನ್ನ ಮುಲಾಮು ಗೆದ್ದಿತೆಂದು ಬೀಗಿದೆ.

ಇನ್ನೆರಡು ವಾರ ಕಳೆದು ಒಂದು ಬೆಳಿಗ್ಗೆ, ಬಾಯಿ ಮುಕ್ಕಳಿಸುವಾಗ ಅತ್ತೆಯ ಎಡತುಟಿಯಿಂದ ನೀರು ಸೋರಿತು. ಎಡಗಣ್ಣು ಮುಚ್ಚಲೊಲ್ಲದು. ದೊಡ್ಡಾಸ್ಪತ್ರೆಗೆ ಓಡಿದೆವು. ಸ್ಕ್ಯಾನಿನಲ್ಲಿ ಏನೂ ಸಿಗಲಿಲ್ಲ.

"ಉಣುಗು ಏನಾದ್ರೂ ಕಚ್ಚಿರಬಹುದಾ?" ಎಂದು ಅತ್ತೆಯೇ ಕೇಳಿದರು. ಡಾಕ್ಟರು ಯಾವಾಗ ಎಂದರು. ಸಲಕರಣೆ ಕೋಣೆಗೆ ಫೋನ್ ಮಾಡಿದರೆ, ಎರಡು ತಿಂಗಳಿಂದ ಕ್ಯಾಲೆಂಡರಿನಲ್ಲಿ ಅತ್ತೆಯ ಗುರುತೇ ಇಲ್ಲ.

"ಹಾಗಾದ್ರೆ ವಯಸ್ಸಮ್ಮ. ಮನೇಲಿ ಆರಾಮಾಗಿರಿ" ಅಂದರು ಡಾಕ್ಟರು.

"ವಯಸ್ಸು ಮುಖದ ಒಂದೇ ಕಡೆಗೆ ಬರುತ್ತಾ?" ಅತ್ತೆ ಸೊಟ್ಟ ಬಾಯಲ್ಲೇ ಕೇಳಿ ಎದ್ದುಬಂದರು.

ಮರುದಿನವೇ ಉದ್ಯಾನದ ಮೇಸ್ತ್ರಿ ಮನೆಗೆ ಬಂದ, ಕೈಯಲ್ಲಿ ಸ್ವಯಂ ನಿವೃತ್ತಿಯ ಅರ್ಜಿ. "ಸಹಿ ಹಾಕಿಬಿಡಕ್ಕ. ಲಕ್ವ ಹೊಡೆದವರ ಕೈಗೆ ಕತ್ತರಿ ಕೊಡೋಕಾಗುತ್ತಾ?"

"ಹೊಡೆದಿರೋದು ಮುಖಕ್ಕೆ. ನಾನೇನು ಬೇಲೀನ ಮೂತೀಲಿ ಕತ್ತರಿಸ್ತೀನೇನೋ?"

ಮೇಸ್ತ್ರಿ ಅರ್ಜಿ ಮಡಚಿ ಜೇಬಿಗಿಟ್ಟ. "ತಿಂಗಳ ಕೊನೇಲಿ ಬೇಲಿ ಮುಂದೆ ಕತ್ತರಿ ಹಿಡಿದು ನಿಂತಿದ್ರೆ ಸರಿ. ಇಲ್ಲಾಂದ್ರೆ ಸಹಿ."

ಮಾರನೆಯ ದಿನ ನಮ್ಮ ಬೀದಿಯ ಡಾಕ್ಟರಮ್ಮನ ಹತ್ತಿರ ಹೋದೆವು. "ಹುಬ್ಬು ಮೇಲೆತ್ತಿ" ಅಂದರು. ಬಲಗಡೆಯದು ಎದ್ದಿತು, ಎಡಗಡೆಯದು ಮಿಸುಕಲಿಲ್ಲ. "ಲಕ್ವದಲ್ಲಿ ಸಾಮಾನ್ಯವಾಗಿ ಹುಬ್ಬು ಏಳುತ್ತೆ. ಇದು ಮುಖದ ನರದ ತೊಂದರೆ. ಈಚೆಗೆ ಮೈಮೇಲೆ ಮಚ್ಚೆ ಗಿಚ್ಚೆ ಬಂದಿತ್ತಾ?"

"ಇವಳನ್ನ ಕೇಳಿ" ಎಂದು ಅತ್ತೆ ನನ್ನತ್ತ ಗಲ್ಲ ತಿರುವಿದರು.

ಫೋನ್ ಕೊಟ್ಟೆ. ಅಳತೆಪಟ್ಟಿಯ ಪಕ್ಕ ಉಂಗುರ ಐದು ಸೆಂಟಿಮೀಟರ್, ಆಮೇಲೆ ಒಂಬತ್ತು, ಆಮೇಲೆ ಹದಿನಾಲ್ಕು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಇದು ಹುಳುಕಡ್ಡಿ ಅಲ್ಲಮ್ಮ. ಉಣುಗಿನಿಂದ ಬರೋ ಲೈಮ್ ಕಾಯಿಲೆ. ಈ ಉಂಗುರ ನೋಡಿದ ದಿನವೇ ಮಾತ್ರೆ ಶುರು ಮಾಡಬಹುದಿತ್ತು."

"ಕ್ಯಾಲೆಂಡರಲ್ಲಿ ಉಣುಗೇ ಇರಲಿಲ್ಲವಲ್ಲ?" ನಾನು ಗೊಣಗಿ, ಉಣುಗು ಅಂಟಿಸುವ ಕ್ಯಾಲೆಂಡರಿನ ಕಥೆ ಹೇಳಿದೆ.

"ಸಣ್ಣ ಮರಿಗಳನ್ನೂ ಅಂಟಿಸ್ತೀರಾ?" ಡಾಕ್ಟರಮ್ಮ ಕೇಳಿದರು.

"ಅವು ನಮ್ಮ ಎಣಿಕೇಲಿಲ್ಲ" ಅತ್ತೆಯ ದನಿ ಇಳಿಯಿತು.

"ಮೋಸ ಮಾಡೋವು ಅವೇ. ಕಚ್ಚಿದ್ದೇ ಗೊತ್ತಾಗಲ್ಲ. ಎಷ್ಟೋ ರೋಗಿಗಳಿಗೆ ಕಚ್ಚಿದ ನೆನಪೇ ಇರಲ್ಲ."

ಎರಡು ಹಂತದ ರಕ್ತಪರೀಕ್ಷೆ ಬರೆದರು. ಮೊದಲ ವಾರಗಳಲ್ಲಿ ಮಾಡಿದ್ದರೆ ಏನೂ ಕಾಣದೆ ಹೋಗಬಹುದಿತ್ತಂತೆ, ಈಗ ಕಾಣುತ್ತದೆ. ಕಂಡಿತು ಕೂಡ. ಮೂರು ವಾರ ಡಾಕ್ಸಿಸೈಕ್ಲಿನ್ ಮಾತ್ರೆ, ಲೋಟ ತುಂಬ ನೀರಿನ ಜೊತೆ, ನುಂಗಿದ ತಕ್ಷಣ ಮಲಗುವಂತಿಲ್ಲ, ಬಿಸಿಲಿನಿಂದ ದೂರ. ಮುಚ್ಚದ ಕಣ್ಣು ಒಣಗದಂತೆ ಹನಿಮದ್ದು.

"ಮಗುಗೆ ಅಂಟುತ್ತಾ ಡಾಕ್ಟ್ರೇ?" ಕೇಳದಿರಲು ನನ್ನಿಂದಾಗಲಿಲ್ಲ.

"ಒಬ್ಬರಿಂದ ಒಬ್ಬರಿಗೆ ಹರಡಲ್ಲ. ಅಜ್ಜಿ ಎತ್ತಿಕೊಳ್ಳಲಿ ಬಿಡಿ."

ಅತ್ತೆ ನನ್ನನ್ನು ನೋಡಿ ಅರ್ಧ ಮುಖದಲ್ಲಿ ನಕ್ಕರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮನೆಗೆ ಬಂದವಳೇ ಮಗಳನ್ನು ಅವರ ಮಡಿಲಿಗೆ ಹಾಕಿ, ಆ ಎರಡನೇ ಸೋಪನ್ನು ಕಸಕ್ಕೆಸೆದೆ.

ತಿಂಗಳ ಕೊನೆಯ ಬೆಳಿಗ್ಗೆ, ಬಿಸಿಲೇರುವ ಮೊದಲೇ, ಅತ್ತೆ ಬೇಲಿಯ ಮುಂದಿದ್ದರು. ಅಗಲ ಟೋಪಿ, ತುಂಬು ತೋಳು, ಕಾಲುಚೀಲದೊಳಗೆ ಸಿಕ್ಕಿಸಿದ ಪೈಜಾಮ. ತುಟಿ ಇನ್ನೂ ತುಸು ಓರೆ. ನೂಲು ಕಟ್ಟಿ ನಲವತ್ತು ಹೆಜ್ಜೆ ಬೇಲಿ ಕತ್ತರಿಸಿ ಮುಗಿಸಿದ್ದರು. ನಾನೂ ಮಗಳನ್ನು ಸೊಂಟದಲ್ಲಿಟ್ಟುಕೊಂಡು ಬಂದಿದ್ದೆ. ಕೆಳಗೆ ಮಾತ್ರ ಬಿಡಲಿಲ್ಲ, ಹುಲ್ಲು ನೋಡಿ.

ಮೇಸ್ತ್ರಿ ಒಂದು ಕಣ್ಣು ಮುಚ್ಚಿ ಬೇಲಿಯ ಉದ್ದಕ್ಕೂ ನೋಡಿದ.

"ಸೊಟ್ಟ ಎಲ್ಲಿದೆ ತೋರಿಸು" ಅಂದರು ಅತ್ತೆ. "ನನ್ನ ಮುಖದಲ್ಲಲ್ಲ, ಬೇಲೀಲಿ."

ಅವನು ಆ ಕೊನೆವರೆಗೂ ನಡೆದು ವಾಪಸ್ ಬಂದ. ಜೇಬಿನಿಂದ ಅರ್ಜಿ ತೆಗೆದು ಹರಿಯಹೊರಟ.

"ಹರೀಬೇಡ. ಇಲ್ಲಿ ಕೊಡು" ಅಂದರು ಅತ್ತೆ.

ಆ ಸಂಜೆ ಒಬ್ಬಾಕೆಯ ಕಂಕುಳಲ್ಲಿ ಗಸಗಸೆಯಂಥದೊಂದು ಸಿಕ್ಕಿತು. ಅತ್ತೆ ಅದನ್ನು ಉಜ್ಜಿ ಎಸೆಯಲು ಬಿಡಲಿಲ್ಲ. ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೆಟ್ಟಗೆ ಎಳೆದು, ಟೇಪು ಹಚ್ಚಿ, ನಿವೃತ್ತಿ ಅರ್ಜಿಯಲ್ಲಿ ಸಹಿಗೆಂದು ಬಿಟ್ಟ ಗೆರೆಯ ಮೇಲೆ ಅಂಟಿಸಿ ತಾರೀಖು ಬರೆದರು. ಅರ್ಜಿಯೀಗ ಕ್ಯಾಲೆಂಡರಿನ ಪಕ್ಕ ಮೊಳೆಗೆ ತೂಗುತ್ತಿದೆ. ಸಣ್ಣವೆಲ್ಲ ಅದರಲ್ಲಿ.