ಅಂಚಿನ ಹತ್ತಿರ ಹೋದರೆ ಸಾಕು

ಹೋದ ವಾರ ಕಾಲೇಜಿನ ಬೀರು ಖಾಲಿ ಮಾಡುವಾಗ ಅಂಗೈ ಅಗಲದ ಕಂಬಳಿ ತುಂಡೊಂದು ಸಿಕ್ಕಿತು. ಮೂಗಿಗೆ ಹಿಡಿದೆ. ಕುರಿಯುಣ್ಣೆ, ಸೀಮೆಸುಣ್ಣ, ಎರಡರ ವಾಸನೆಯೂ ಇನ್ನೂ ಹೋಗಿರಲಿಲ್ಲ... ಹಿರಿಯೂರಿನಲ್ಲಿ ನನಗೆ ಬಿ.ಎಸ್ಸಿ. ಗಣಿತ ಕಲಿಸಿದ ಮೇಡಂ ಬೋರ್ಡು ಒರೆಸುತ್ತಿದ್ದುದು ಇದರಲ್ಲೇ.

ಜವನಗೊಂಡನಹಳ್ಳಿ ಕಡೆಯ ಕುರಿಗಾರರ ಮನೆಯವರು ಅವರು. ಐವತ್ತು ದಾಟಿದ ಮೇಲೆ ಪಿಎಚ್.ಡಿ.ಗೆ ಸೇರಿದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಹೆಚ್ಚು. ಈ ವಯಸ್ಸಿನಲ್ಲಿ ಯಾಕೆ ಎಂದು ಕೇಳಿದರೆ, "ಗೊತ್ತಾಗ್ಬೇಕಲ್ರೀ, ದಾರಿ ಒಂದಾ ಎರಡಾ ಅಂತ" ಅನ್ನುತ್ತಿದ್ದರು.

ಅವರ ಪ್ರಶ್ನೆ ಅಷ್ಟೇ. ಆಯಾಮಗಳಿಗೆ ಕೊನೆಯೇ ಇಲ್ಲದ ಜಾಗ. ಅದರಲ್ಲಿ ಎಲ್ಲ ಕಡೆಗೂ ಹೊರಕ್ಕೆ ಉಬ್ಬಿದ ಒಂದು ಪ್ರದೇಶ. ಅಲ್ಲಿ ದೂರದ ಲೆಕ್ಕವೇ ಬೇರೆ: ಅಂಚಿನ ಕಡೆ ನಡೆದಷ್ಟೂ ದೂರ ಬೆಳೆಯುತ್ತದೆ, ಅಂಚನ್ನು ಮುಟ್ಟುವುದಕ್ಕೇ ಆಗುವುದಿಲ್ಲ. ಅಲ್ಲಿ ಎರಡು ಬಿಂದುಗಳನ್ನು ಸೇರಿಸುವ ಅತಿ ಹತ್ತಿರದ ದಾರಿಗೆ ಜಿಯೊಡೆಸಿಕ್ ಎನ್ನುತ್ತಾರೆ. ಅದು ಒಂದೇ ಇರುತ್ತದೆಯೇ? ಒಂದೇ ಎಂದು ಮೇಡಂ ಬರೆದಿದ್ದರು.

ಮೌಖಿಕ ಪರೀಕ್ಷೆಯ ದಿನ ನಾನೂ ಜೊತೆಗೆ ಹೋಗಿದ್ದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಹಿರಿಯರು, ಮೆತ್ತಗೆ ಮಾತಾಡುವವರು. ಒಂದು ಪುಟದ ಮೇಲೆ ಬೆರಳಿಟ್ಟರು. "ಇಲ್ಲಿ ನೀವು ಅಂಚಿನವರೆಗೆ ಹೋಗಿದ್ದೀರಿ. ಅನಂತ ಆಯಾಮದಲ್ಲಿ ದಾರಿ ಅಂಚಿನ ಇಂಥದೇ ಬಿಂದುವಿನತ್ತ ಸಾಗುತ್ತದೆ ಎಂಬ ಖಾತ್ರಿಯೇ ಇಲ್ಲವಲ್ಲ?"

ಮಾರ್ಗದರ್ಶಕರು ತಲೆ ತಗ್ಗಿಸಿದರು. ಪ್ರಬಂಧ ವಾಪಸಾದರೆ ಏಳು ವರ್ಷದ ಕೆಲಸ ನೀರಿಗೆ ಹೋದಂತೆ. ನಿವೃತ್ತಿಗೆ ಉಳಿದಿದ್ದುದು ಒಂದೇ ವರ್ಷ. ಮೇಡಂ ಕಂಬಳಿ ತುಂಡಿನಿಂದ ಬೋರ್ಡು ಒರೆಸಿ, ಹೊಸದಾಗಿ ಬರೆಯತೊಡಗಿದರು. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಮಾತಾಡಿದ್ದವರು ಒಮ್ಮೆಗೇ ಊರಿನ ಮಾತಿಗೆ ಇಳಿದರು.

"ಸಾರ್, ಅಂಚಿಗೆ ಹೋಗಾದೇ ಬ್ಯಾಡ. ಹತ್ರ ಹೋದ್ರೆ ಸಾಕು. ಎರಡು ದಾರಿ ಅವೆ ಅಂತ ಇಟ್ಕಳ್ರಿ. ಎರಡರ ನಡುವಿಂದು ತಗಳ್ರಿ, ಅದೂ ಅತಿ ಹತ್ತಿರದ ದಾರೀನೇ ಆಗ್ತೈತೆ. ಆದ್ರೆ ಎರಡೂ ಅಗಲಿರೋ ಕಡೆ ನಡುವಿಂದು ಒಳಕ್ಕೆ ಬೀಳ್ತೈತೆ, ಅಂಚಿನ ಹತ್ರ ಹೋಗಾಕೇ ಆಗಲ್ಲ. ಅತಿ ಹತ್ತಿರದ ದಾರಿ ಅಂಗೆ ಒಳಗೇ ಉಳಿಯಂಗಿಲ್ಲ ಸಾರ್, ಎರಡೂ ಬಿಂದು ದಾಟಿ ಅಂಚಿನ ಕಡೆ ಹೋಗ್ತಾನೇ ಇರ್ಬೇಕು. ಅದ್ಕೇ ದಾರಿ ಒಂದೇ."

ಪರೀಕ್ಷಕರು ಎದ್ದು ಬೋರ್ಡಿನ ಹತ್ತಿರ ಬಂದರು. "ಒಳಕ್ಕೆ ಬೀಳುವ ಅಳತೆ ಜಾಗದಿಂದ ಜಾಗಕ್ಕೆ ಸಣ್ಣದಾಗುತ್ತಾ ಹೋದರೆ?"

"ಇಲ್ಲ ಸಾರ್. ಉಬ್ಬು ಎಲ್ಲಾ ಕಡೆ ಒಂದೇ ಸಮ ಐತೆ ಅಂತ ಮೊದಲನೇ ಪುಟದಾಗೇ ಬರದೀನಿ."

ಪರೀಕ್ಷಕರು ಬೋರ್ಡಿನ ಸಾಲು ಸಾಲನ್ನೂ ಎರಡು ಸಲ ಓದಿದರು. ಆಮೇಲೆ ಚಪ್ಪಾಳೆ ಶುರು ಮಾಡಿದವರೂ ಅವರೇ. "ನಿಮ್ಮ ಪ್ರಬಂಧಕ್ಕಿಂತ ಇದೇ ಚೆನ್ನಾಗಿದೆ. ಇದನ್ನೇ ಅಚ್ಚಿಗೆ ಕಳಿಸಿ" ಅಂದರು. ನಾನು ಮುಜುಗರವಿಲ್ಲದೆ ಅತ್ತೆ.

ವಾಪಸು ಬರುವಾಗ ಬಸ್ಸು ತುಂಬಿತ್ತು. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದ. "ಹಿರಿಯೂರಿಗೆ. ಡಾಕ್ಟ್ರು ಒಬ್ರು, ಸ್ಟೂಡೆಂಟ್ ಒಬ್ರು" ಅಂದರು ಮೇಡಂ. ಆತ ಕೂಡಲೇ ಸೀಟು ಬಿಡಿಸಿಕೊಟ್ಟು, ತನ್ನ ಮೊಣಕಾಲು ನೋವಿಗೆ ಮದ್ದು ಕೇಳಿದ. ಊರು ಬರುವವರೆಗೂ ಮೇಡಂ ಸೆರಗು ಬಾಯಿಗೆ ಹಿಡಿದು ನಗುತ್ತಲೇ ಇದ್ದರು.

ನಿವೃತ್ತಿಯಾದ ಮೂರನೇ ವರ್ಷ ಅವರು ತೀರಿಕೊಂಡರು. ಅವರು ನಿಂತಿದ್ದ ತರಗತಿಯಲ್ಲೀಗ ನಾನು ಪಾಠ ಮಾಡುತ್ತೇನೆ. ಮೊನ್ನೆ ಕಾಲೇಜಿನ ವಿಳಾಸಕ್ಕೆ ಅವರ ಹೆಸರಿನಲ್ಲಿ ಒಂದು ಇಮೇಲ್ ಬಂತು. ಯಾವುದೋ ದೇಶದ ಸಂಶೋಧಕಿ. ಅಚ್ಚಾದ ಲೇಖನದ ಮೂರನೇ ಹೆಜ್ಜೆ, ಅಂದರೆ ನಡುವಿನ ದಾರಿ ಒಳಕ್ಕೆ ಬೀಳುತ್ತದೆ ಎಂಬುದು, ಸರಿಯೇ ಎಂಬ ಅನುಮಾನ ಆಕೆಗೆ. ಇಡೀ ಮಧ್ಯಾಹ್ನ ಕೂತು ಉತ್ತರ ಬರೆದೆ. ಮೇಡಂ ಈಗಿಲ್ಲ ಎಂಬುದು ಮೊದಲ ಸಾಲು. ಎರಡನೆಯದು: ಮೂರನೇ ಹೆಜ್ಜೆ ಸರಿಯಾಗಿಯೇ ಇದೆ.