ಓ ನೆಗೆಟಿವ್ ರಕ್ತ ತುರ್ತಾಗಿ ಬೇಕು

"ಪೇಷಂಟ್ ಎಲ್ಲಿ ಅದಾರ್ರೀ ಸರ?"

ಬಸವೇಶ್ವರನಗರದ ನಮ್ಮ ಪುಟ್ಟ ಸಾಫ್ಟ್‌ವೇರ್ ಆಫೀಸಿನ ಬಾಗಿಲಲ್ಲಿ ನಿಂತು ಹಾಗೆ ಕೇಳಿದವನು ಕಾರ್ಖಾನೆಯ ಸಮವಸ್ತ್ರದಲ್ಲಿದ್ದ. ಲಗ್ಗೆರೆಯಿಂದ ಸೈಕಲ್ ತುಳಿದು ಬಂದಿದ್ದ. ಅಂಗಿಯ ಒಂದು ತೋಳನ್ನು ಆಗಲೇ ಮಡಚಿಕೊಂಡಿದ್ದ. ಮೊಬೈಲ್ ತೆಗೆದು ತೋರಿಸಿದ. ಓ ನೆಗೆಟಿವ್ ರಕ್ತ ತುರ್ತಾಗಿ ಬೇಕೆಂಬ ಸಂದೇಶ, ಕೆಳಗೆ ನಮ್ಮದೇ ಆಫೀಸಿನ ವಿಳಾಸ.

ರಕ್ತ ಬೇಕಾದಾಗ ದಾನಿಗಳಿಗೆ ಸಂದೇಶ ಕಳಿಸಲೆಂದು ರಕ್ತನಿಧಿಯೊಂದಕ್ಕೆ ನಾವು ಮಾಡುತ್ತಿದ್ದ ತಂತ್ರಾಂಶವನ್ನು ಆ ಬೆಳಿಗ್ಗೆಯಷ್ಟೇ ಪರೀಕ್ಷೆಯ ಸರ್ವರ್‌ಗೆ ಅಳವಡಿಸಿ, ನಮ್ಮ ವಿಳಾಸ ಹಾಕಿ ಒಂದು ಸುಳ್ಳು ಕೋರಿಕೆ ಕಳಿಸಿದ್ದೆವು. ಅದು ನಮ್ಮ ಮೊಬೈಲ್‌ಗಳಿಗಷ್ಟೇ ಬರಬೇಕಿತ್ತು. ಆದರೆ ಸರ್ವರ್‌ನ ಸೆಟ್ಟಿಂಗ್‌ನಲ್ಲಿ ನಿಜವಾದ ದಾನಿಗಳ ಪಟ್ಟಿಯೇ ಉಳಿದುಬಿಟ್ಟಿತ್ತು.

ವಿಷಯ ಹೇಳಿದಾಗ ಅವನು ಸಿಟ್ಟಾಗಲಿಲ್ಲ. "ಯಾರಿಗೂ ಏನೂ ಆಗಿಲ್ಲಲ್ರೀ? ಛಲೋ ಆತು ಬಿಡ್ರಿ" ಎಂದು ತೋಳು ಇಳಿಸಿಕೊಂಡ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಮತ್ತೆ ಹೆಜ್ಜೆ ಸದ್ದು. ಸಂಜೆಯೊಳಗೆ ಒಟ್ಟು ಹನ್ನೊಂದು ಜನ ಬಂದರು. ಆರ್‌ಪಿಸಿ ಲೇಔಟಿನಿಂದ ಆಟೊ ಹಿಡಿದು ಬಂದ ಮಹಿಳೆಯೊಬ್ಬರು, "ಅರ್ಧ ದಿನ ರಜಾ ಹಾಕಿ ಓಡಿ ಬಂದಿದೀನಿ, ತಮಾಷೆ ಮಾಡ್ತಿದೀರೇನ್ರೀ?" ಎಂದು ರೇಗಿದರು. ಬಂದವರಿಗೆಲ್ಲ ಕ್ಷಮೆ ಕೇಳಿ, ಆಫೀಸಿನ ಫೋನ್ ನಂಬರ್ ಕೊಟ್ಟು ಕಳಿಸಿದೆವು.

ಮುಂದಿನ ವಾರ ಅದೇ ಗುಂಪಿನ ರಕ್ತಕ್ಕಾಗಿ ರಕ್ತನಿಧಿಯಿಂದ ನಿಜವಾದ ಸಂದೇಶ ಹೋಯಿತು. ಲಗ್ಗೆರೆಯವನು ನೇರವಾಗಿ ಆಸ್ಪತ್ರೆಗೆ ಹೋದ. ಉಳಿದ ಹತ್ತು ಜನರಲ್ಲಿ ಒಬ್ಬರೂ ಹಾಗೆ ನೇರವಾಗಿ ಹೋಗಲಿಲ್ಲ. ಏಳು ಮಂದಿ ನಮ್ಮ ಆಫೀಸಿಗೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಇದೂ ಟೆಸ್ಟಾ ಸಾರ್?"